ಬಚ್ಚಲದ ಕಪ್ಪಿಗೆ ಗಾಯವಾದರೆ

ಮಿರಗದ ಮಳೆ ಹಿಡಿಯಿತೆಂದರೆ ಗದಗ-ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹೊಲಮನೆಗಳಲ್ಲಿ ಕಪ್ಪೆಗಳ ಓಡಾಟ ಶುರುವಾಗುತ್ತದೆ. ಜೊತೆಗೇ ಅವುಗಳಿಗೆ ಪೆಟ್ಟು ಬೀಳುವುದೂ ಶುರುವಾಗುತ್ತದೆ. ಬಚ್ಚಲದ ಬಾಗಿಲ ಸಂದಿಗೆ ಸಿಕ್ಕು ಕಾಲು ಜಜ್ಜಿಹೋದ ಮರಗಪ್ಪೆ, ಬೆಕ್ಕು ಕಚ್ಚಿ ಅಂಗಳದಲ್ಲಿ ಬಿಟ್ಟುಹೋದ ನೆಲಗಪ್ಪೆ, ಟ್ರ್ಯಾಕ್ಟರಿನ ರೋಟವೇಟರಿಗೆ ಸಿಕ್ಕು ಮೈ ಸೀಳಿದ ಗೂಳಿಗಪ್ಪೆ, ಬೀದಿದೀಪದ ಕೆಳಗೆ ಹುಳ ಹಿಡಿಯಲು ಬಂದು ಬೈಕಿನ ಗಾಲಿ ತಾಗಿಸಿಕೊಂಡ ಮರಿಗಪ್ಪೆ ಮಳೆಗಾಲದುದ್ದಕ್ಕೂ ಕಣ್ಣಿಗೆ ಬೀಳುತ್ತವೆ.

“ಅವ್ವಾ, ಕಪ್ಪಿ ಕಾಲಾಗ ರಕ್ತ ಬರಾಕತ್ತೈತಿ” ಎಂದು ಮೊದಲು ಕೂಗುವವರು ಮಕ್ಕಳು. ದೊಡ್ಡವರ ಕೈಗೆ ಆಗ ಸಿಗುವುದು ಅರಿಷಿಣದ ಡಬ್ಬಿ, ಇಲ್ಲವೇ ಡೆಟಾಲ್ ಬಾಟಲಿ. ಕರುಣೆಯಿಂದಲೇ ಹಚ್ಚುತ್ತಾರೆ. ಮರುದಿನ ಕಪ್ಪೆ ಸತ್ತಿರುತ್ತದೆ. ಎಷ್ಟೋ ಸಲ ಅದನ್ನು ಕೊಂದದ್ದು ಆ ಮದ್ದೇ. ಕಪ್ಪೆಯ ಆರೈಕೆಯ ಮೊದಲ ಪಾಠ ಇಲ್ಲಿದೆ: ಅದರ ಮೈಮೇಲೆ ಹಾಕಿದ್ದೆಲ್ಲ ಅದರ ರಕ್ತ ಸೇರುತ್ತದೆ.

ಚರ್ಮವೇ ಬಾಯಿ, ಚರ್ಮವೇ ಉಸಿರು

ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದಲ್ಲಿ, ತೊಡೆಗಳ ನಡುವೆ ಇರುವ ತೆಳುವಾದ ಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ಕೂತು ಅಲ್ಲಿಂದಲೇ ನೀರು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹರವಿಯ ಕೆಳಗಿನ ತಂಪಿನಲ್ಲಿ ಅದು ಮೈ ಚಪ್ಪಟೆ ಮಾಡಿಕೊಂಡು ಕೂರುವುದು ಇದಕ್ಕಾಗಿಯೇ. ಉಸಿರಾಟದ ಒಂದು ಪಾಲೂ ಚರ್ಮದಿಂದಲೇ ನಡೆಯುತ್ತದೆ. ಅದಕ್ಕೆ ಚರ್ಮ ಸದಾ ಒದ್ದೆಯಾಗಿರಬೇಕು. ಮೈಯ ಲೋಳೆ ಈ ಒದ್ದೆಯನ್ನು ಕಾಯುತ್ತದೆ, ರೋಗಾಣುಗಳನ್ನೂ ತಡೆಯುತ್ತದೆ.

ಈ ಚರ್ಮದ ಶಕ್ತಿ ಎಷ್ಟೆಂಬುದು ವಿಜ್ಞಾನಕ್ಕೆ ಗೊತ್ತಾದ ಬಗೆಯೂ ಸೊಗಸಾಗಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಮೈಕೆಲ್ ಜ಼ಾಸ್ಲಾಫ್ ಪ್ರಯೋಗಕ್ಕಾಗಿ ಆಫ್ರಿಕದ ಕಪ್ಪೆಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಹೊಲಿಗೆ ಹಾಕಿ ಮಾಮೂಲಿ ತೊಟ್ಟಿಗೆ ಬಿಡುತ್ತಿದ್ದರು. ಆ ನೀರಿನಲ್ಲಿ ಬ್ಯಾಕ್ಟೀರಿಯಾ ತುಂಬಿದ್ದರೂ ಗಾಯಗಳು ಕೀವು ಹಿಡಿಯದೆ ಮಾಯುತ್ತಿದ್ದವು. ಕಾರಣ ಹುಡುಕಿದಾಗ ಚರ್ಮದಲ್ಲಿ ರೋಗಾಣು ಕೊಲ್ಲುವ ಸಣ್ಣ ಪ್ರೋಟೀನುಗಳು ಸಿಕ್ಕವು. 1987ರಲ್ಲಿ ಅವರು ಅವುಗಳಿಗೆ ‘ಮಗೈನಿನ್’ ಎಂದು ಹೆಸರಿಟ್ಟರು. ಕಪ್ಪೆಯ ಮೈಯಲ್ಲೇ ಔಷಧವಿದೆ. ಅದನ್ನು ತೊಳೆದು, ಒರೆಸಿ, ಸುಟ್ಟು ಹಾಳುಮಾಡದಿರುವುದು ನಮ್ಮ ಕೆಲಸ.

ನೀರಿನೊಡನೆ ಮೈಯೊಳಗೆ ಸೇರುವುದು ಏನು ಮಾಡಬಲ್ಲದು ಎಂಬುದನ್ನು ಮುಂಡರಗಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊಳವೆಬಾವಿಯ ಫ್ಲೋರೈಡ್ ಹಲ್ಲನ್ನೂ ಎಲುಬನ್ನೂ ತಿಂದದ್ದನ್ನು ಅವರು ಮನೆಮನೆಯಲ್ಲಿ ಕಂಡಿದ್ದಾರೆ. ನಾವು ಕುಡಿದರೆ ಒಳಗೆ ಹೋಗುತ್ತದೆ. ಕಪ್ಪೆ ಸುಮ್ಮನೆ ಕೂತರೂ ಹೋಗುತ್ತದೆ.

ನಮ್ಮ ಸೀಮೆಯ ಕಪ್ಪೆಗಳು

ಆರೈಕೆಗೆ ಮೊದಲು ಗುರುತು ಸಿಗಬೇಕು. ಒಣಗಿದ ಒರಟು ಚರ್ಮ, ಮೈತುಂಬ ಗಂಟು, ಕಣ್ಣಿನ ಹಿಂದೆ ಉಬ್ಬಿದ ಗ್ರಂಥಿ ಇದ್ದರೆ ಅದು ನೆಲಗಪ್ಪೆ. ಬೆರಳ ತುದಿಯಲ್ಲಿ ದುಂಡು ಬಿಲ್ಲೆಗಳಿದ್ದು ಬಚ್ಚಲ ಗೋಡೆಗೆ, ನೀರಿನ ಟಾಕಿಯ ಮುಚ್ಚಳಕ್ಕೆ ಅಂಟಿ ಕೂರುವುದು ಮರಗಪ್ಪೆ. ಟಾಕಿಯ ಅಂಚಿನಲ್ಲಿ ಕಾಣುವ ಬಿಳಿ ನೊರೆಯ ಮುದ್ದೆ ಅದರ ಗೂಡು, ಅದರೊಳಗೆ ಮೊಟ್ಟೆಗಳಿರುತ್ತವೆ. ಹೊಲದ ಬದುವಿನಲ್ಲಿ, ಹಳ್ಳದಲ್ಲಿ ಕಾಣುವ ದೊಡ್ಡ ಮೈಯದು ಗೂಳಿಗಪ್ಪೆ. ಮೊದಲ ದೊಡ್ಡ ಮಳೆಗೆ ಇದರ ಗಂಡು ಹಳದಿ ಬಣ್ಣಕ್ಕೆ ತಿರುಗಿ, ನೀಲಿ ಗಂಟಲಚೀಲ ಉಬ್ಬಿಸಿ ಕೂಗುತ್ತದೆ. ಇನ್ನೊಂದು ಬಿಲಗಪ್ಪೆ. ಹಿಂಗಾಲಿನಿಂದ ಮಣ್ಣು ತೋಡುತ್ತ ಹಿಮ್ಮುಖವಾಗಿ ನೆಲಕ್ಕಿಳಿದು, ತಿಂಗಳುಗಟ್ಟಲೆ ಅಲ್ಲೇ ಕಾಯುತ್ತದೆ.

ಈ ಬಿಲಗಪ್ಪೆಯ ಬಗ್ಗೆ ನಮ್ಮ ನೆರೆಯ ಧಾರವಾಡದಲ್ಲೇ ಬೆಲೆಬಾಳುವ ಕೆಲಸ ನಡೆದಿದೆ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಶ್ರೀನಿವಾಸ ಸೈದಾಪುರ, ಭಾಗ್ಯಶ್ರೀ ಶಾನಭಾಗ ಮತ್ತು ಅವರ ಶಿಷ್ಯರು ದಶಕಗಳ ಕಾಲ ಕಪ್ಪೆ, ಗೊದಮೊಟ್ಟೆಗಳನ್ನು ಅಭ್ಯಾಸ ಮಾಡಿದರು. ನೆಲಗಪ್ಪೆಯ ಗೊದಮೊಟ್ಟೆಗಳು ಒಡಹುಟ್ಟಿದವನ್ನು ಗುರುತಿಸಿ ಗುಂಪುಗೂಡುತ್ತವೆ ಎಂದು ತೋರಿಸಿದ್ದು ಇವರೇ. ಹೊಂಡದ ನೀರು ಇಳಿಯುತ್ತ ಹೋದಂತೆ ಬಿಲಗಪ್ಪೆಯ ಗೊದಮೊಟ್ಟೆಗಳು ಬೇಗ ಬೇಗ ಕಪ್ಪೆಯಾಗುತ್ತವೆ ಎಂಬುದನ್ನು 2011ರಲ್ಲಿ ಪ್ರಕಟಿಸಿದ್ದೂ ಇದೇ ಬಳಗ. ಮಳೆ ನಂಬಲಾಗದ ಎರೆಭೂಮಿಯಲ್ಲಿ ಬದುಕಲು ಈ ಜೀವ ಕಲಿತ ಉಪಾಯವದು.

ಬೇಸಿಗೆಯಲ್ಲಿ ಬುನಾದಿ ತೋಡುವಾಗ, ಮಡಿಕೆ ಹೊಡೆಯುವಾಗ ಮಣ್ಣಿನ ಹೆಂಟೆಯೊಳಗಿಂದ ಅಲುಗಾಡದ ಕಪ್ಪೆ ಉರುಳಿ ಬಿದ್ದರೆ ಸತ್ತಿದೆ ಎಂದು ಎಸೆಯಬೇಡಿ. ಬೇಸಿಗೆ ನಿದ್ದೆಯಲ್ಲಿರುತ್ತದೆ. ಮೈಗೆ ಗಾಯವಿಲ್ಲದಿದ್ದರೆ ನೆರಳಿನಲ್ಲಿ ಒಂದು ಗುಣಿ ತೋಡಿ, ಮಣ್ಣನ್ನು ಸ್ವಲ್ಪ ತೇವ ಮಾಡಿ, ಸಡಿಲವಾಗಿ ಮುಚ್ಚಿದರೆ ಸಾಕು.

ಪೆಟ್ಟು ಬಿದ್ದ ಕೂಡಲೇ

ಮೊದಲು ನಿಮ್ಮ ಕೈ ನೋಡಿಕೊಳ್ಳಿ. ನಮ್ಮ ಕಡೆ ಅಂಗೈಯಲ್ಲಿ ತಂಬಾಕು-ಸುಣ್ಣ ತಿಕ್ಕುವ ರೂಢಿ ಉಂಟು. ಆ ಕೈಯಿಂದ ಕಪ್ಪೆಯನ್ನು ಎತ್ತಿದರೆ ನಿಕೋಟಿನ್ ಅದರ ಮೈ ಸೇರುತ್ತದೆ, ಸುಣ್ಣ ಚರ್ಮ ಸುಡುತ್ತದೆ. ಸಾಬೂನಿನ ಅಂಶವೂ ಕೆಟ್ಟದ್ದೇ. ಕೈಯನ್ನು ಬರಿ ನೀರಿನಲ್ಲಿ ಚೆನ್ನಾಗಿ ತೊಳೆದು, ಒರೆಸದೆ, ಒದ್ದೆಯಾಗಿಯೇ ಹಿಡಿಯಿರಿ. ಹೊಸ ಪ್ಲಾಸ್ಟಿಕ್ ಚೀಲವನ್ನು ನೀರಲ್ಲಿ ಅದ್ದಿ ಕೈಗೆ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಒಂದು ಕಾಲು ಹಿಡಿದು ಎತ್ತಬಾರದು. ಸೊಂಟ ಮತ್ತು ಹಿಂಗಾಲುಗಳನ್ನು ಕೂಡಿಸಿ ಅಂಗೈಯಲ್ಲಿ ಆತುಕೊಳ್ಳಬೇಕು.

ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಿ ಸಾಕು. ಮುಚ್ಚಳಕ್ಕೆ ತೂತು ಮಾಡುವಾಗ ಒಳಗಿನಿಂದ ಹೊರಕ್ಕೆ ಚುಚ್ಚಿ; ಇಲ್ಲದಿದ್ದರೆ ಚೂಪಾದ ಅಂಚು ಒಳಗೆ ಉಳಿದು ಜಿಗಿಯುವ ಕಪ್ಪೆಯ ಮೂತಿ ಕೀಳುತ್ತದೆ. ತಳಕ್ಕೆ ಸೋಪಿನ ವಾಸನೆಯಿಲ್ಲದ ಹಳೆಯ ಹತ್ತಿಬಟ್ಟೆಯನ್ನು ಒದ್ದೆ ಮಾಡಿ ಹಾಸಿ, ಒಂದು ಮಡಿಕೆ ಎತ್ತರವಿಡಿ. ಕಪ್ಪೆ ಅದರ ಕೆಳಗೆ ಅಡಗಲಿ. ಡಬ್ಬಿ ತುಂಬ ನೀರು ಹಾಕಬೇಡಿ. ಗಾಯಗೊಂಡ ಕಪ್ಪೆ ನೀರಲ್ಲಿ ಮುಳುಗಿ ಸಾಯಬಲ್ಲದು. ಡಬ್ಬಿಯನ್ನು ತುಸು ಓರೆ ಮಾಡಿ, ಒಂದು ಬದಿಯಲ್ಲಿ ಬೆರಳುಗುರು ಮುಳುಗುವಷ್ಟು ನೀರಿದ್ದರೆ ಆಯಿತು. ತಂಪಾದ, ಕತ್ತಲಿನ, ಸದ್ದಿಲ್ಲದ ಮೂಲೆಯಲ್ಲಿಡಿ. ಫ್ರಿಜ್ಜಿನಲ್ಲಿ ಇಡಬಾರದು.

ಯಾವ ನೀರು? ನಲ್ಲಿ ನೀರಿನ ಕ್ಲೋರಿನ್ ಕಪ್ಪೆಗೆ ಆಗುವುದಿಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು-ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ದಿನಗಟ್ಟಲೆ ಅಂತರದಲ್ಲಿ ಬರುವ ತುಂಗಭದ್ರೆಯ ನೀರನ್ನು ತುಂಬಿಟ್ಟುಕೊಳ್ಳುವ ಗದಗ-ಬೆಟಗೇರಿಯ ಮನೆಗಳಲ್ಲಿ ಇಂಥ ನೀರು ಹೇಗೂ ಇರುತ್ತದೆ. ಸವಳು ಕೊಳವೆಬಾವಿಯ ನೀರು ಬೇಡ. ಫಿಲ್ಟರಿನ ಆರ್‌ಒ ನೀರಿನಲ್ಲಿ ಲವಣ ತೀರ ಕಡಿಮೆ. ಒಮ್ಮೆ ಗಾಯ ತೊಳೆಯಲು ಆದೀತು, ದಿನಗಟ್ಟಲೆ ಇಡಲು ಆಗದು.

ಗಾಯಕ್ಕೆ ಮಣ್ಣು, ಕಸ ಮೆತ್ತಿದ್ದರೆ ನೀರನ್ನು ಸಣ್ಣಗೆ ಇಳಿಬಿಟ್ಟು ತೊಳೆಯಿರಿ. ಉಜ್ಜಬಾರದು. ಮೆಡಿಕಲ್ ಅಂಗಡಿಯ ಸಲೈನ್ ಇದ್ದರೆ ಅದೂ ಸರಿ. ಆದರೆ ಅದು ಮನುಷ್ಯರ ರಕ್ತಕ್ಕೆ ಹೊಂದುವಂತೆ ಶೇ 0.9ರಷ್ಟು ಉಪ್ಪಿನದು. ಕಪ್ಪೆಗೆ ಹೊಂದುವುದು ಶೇ 0.65ರ ಆಸುಪಾಸು. 100 ಮಿ.ಲೀ. ಸಲೈನಿಗೆ 40 ಮಿ.ಲೀ. ಶುದ್ಧ ನೀರು ಬೆರೆಸಿದರೆ ಹದ ಬರುತ್ತದೆ.

ಮೊದಲ ದಿನ ಊಟದ ಚಿಂತೆ ಬೇಡ. ಕಪ್ಪೆಗೆ ಆಹಾರವೆಂದು ತಿಳಿಯುವುದು ಅಲುಗಾಡುವುದು ಮಾತ್ರ. ಅನ್ನ, ರೊಟ್ಟಿಚೂರು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಬಾಯಿ ಬಿಡಿಸಿ ತುರುಕಿದರೆ ದವಡೆ ಮುರಿಯಬಹುದು. ಎರಡು-ಮೂರು ದಿನ ಇಟ್ಟುಕೊಳ್ಳಬೇಕಾಗಿ ಬಂದರೆ ಔಷಧ ಹೊಡೆಯದ ಜಾಗದ ಮಿಡತೆ, ಗೆದ್ದಲು, ಎರೆಹುಳ ಬಿಡಬಹುದು. ಬಟ್ಟೆ, ನೀರನ್ನು ದಿನಾ ಬದಲಿಸಲೇಬೇಕು. ಇಲ್ಲದಿದ್ದರೆ ತಾನು ಹೊರಹಾಕಿದ ಹೊಲಸನ್ನು ಚರ್ಮದಿಂದ ಮತ್ತೆ ಹೀರಿಕೊಳ್ಳುತ್ತದೆ.

ಹಚ್ಚಬಾರದ್ದು

ಡೆಟಾಲ್, ಫಿನೈಲ್, ಸ್ಪಿರಿಟ್, ಅಳತೆಯಿಲ್ಲದೆ ಕಲಸಿದ ಉಪ್ಪುನೀರು, ಸುಣ್ಣ, ಸೀಮೆಎಣ್ಣೆ ಯಾವುದೂ ಕೂಡದು. ಅರಿಷಿಣದ ಪುಡಿ ನಮ್ಮ ಗಾಯಕ್ಕೆ ಒಳ್ಳೆಯದಿರಬಹುದು. ಕಪ್ಪೆಯ ಒದ್ದೆ ಮೈಗೆ ಅದು ಪದರವಾಗಿ ಅಂಟುತ್ತದೆ, ತೆಗೆಯಲು ಹೋದರೆ ಲೋಳೆಯೂ ಕಿತ್ತು ಬರುತ್ತದೆ.

ರೈತರ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ದನದ ಗಾಯದಲ್ಲಿ ಹುಳ ಬಿದ್ದರೆ ಟರ್ಪೆಂಟೈನ್ ಬಿಡುವುದು, ಸ್ಪ್ರೇ ಹೊಡೆಯುವುದು ರೂಢಿ. ಕಪ್ಪೆಯ ಗಾಯಕ್ಕೂ ನೊಣ ಮೊಟ್ಟೆಯಿಡುತ್ತದೆ, ಹುಳ ಬೀಳುತ್ತದೆ. ಅಲ್ಲಿ ಟರ್ಪೆಂಟೈನ್ ಬಿಟ್ಟರೆ ಹುಳದ ಜೊತೆ ಕಪ್ಪೆಯೂ ಸಾಯುತ್ತದೆ. ಚಿಮಟಿಗೆಯಿಂದ ಒಂದೊಂದೇ ತೆಗೆಯುವುದು, ಸಲೈನಿನಲ್ಲಿ ತೊಳೆಯುವುದು ಇಷ್ಟೇ ದಾರಿ. ನೋವು ಕಡಿಮೆ ಮಾಡುವ ಅಂಶ ಬೆರೆತ ಮನುಷ್ಯರ ಮುಲಾಮೂ ಅಪಾಯ. ಅದರಲ್ಲಿರುವ ಲಿಡೊಕೇನ್‌ನಂಥ ಮದ್ದು ಚರ್ಮದಿಂದ ಇಳಿದು ಮೈಯನ್ನೇ ಮರಗಟ್ಟಿಸಬಲ್ಲದು.

ನಾಯಿ ನೆಲಗಪ್ಪೆಯನ್ನು ಕಚ್ಚಿ ಬಾಯಲ್ಲಿ ನೊರೆ ಸುರಿಸಿದರೆ ಎರಡೂ ಜೀವಕ್ಕೆ ಆರೈಕೆ ಬೇಕು. ನೆಲಗಪ್ಪೆಯ ಕಣ್ಣಿನ ಹಿಂದಿನ ಗ್ರಂಥಿ ಒತ್ತಿದಾಗ ಹಾಲಿನಂಥ ವಿಷ ಬರುತ್ತದೆ. ನಾಯಿಯ ತಲೆ ತಗ್ಗಿಸಿ ಬಾಯಿ ತೊಳೆಯಿರಿ, ಒಸಡನ್ನು ಒದ್ದೆ ಬಟ್ಟೆಯಿಂದ ಒರೆಸಿರಿ. ನಡುಕ, ತೂರಾಟ ಕಂಡರೆ ವೈದ್ಯರಿಗೆ ತೋರಿಸಿ. ಕಪ್ಪೆಯನ್ನು ಮುಟ್ಟಿದರೆ ನರುಲಿ ಬರುತ್ತದೆ ಎಂಬ ಮಾತಿದೆ. ನರುಲಿ ಬರುವುದು ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್ಸಿನಿಂದ. ಕಪ್ಪೆ ಮುಟ್ಟಿದ ಮೇಲೆ ಕೈ ತೊಳೆದರೆ ಭಯವಿಲ್ಲ.

ಗಾಯ ಕಾಣದ ಕಾಯಿಲೆ

ಆರೋಗ್ಯವಂತ ಕಪ್ಪೆ ತಲೆ ಎತ್ತಿ ಕೂರುತ್ತದೆ, ಅದರ ಗಂಟಲು ಲಯದಲ್ಲಿ ಬಡಿಯುತ್ತಿರುತ್ತದೆ. ಅಂಗಾತ ಮಲಗಿಸಿದರೆ ಒಡನೆ ತಿರುಗಿಕೊಳ್ಳುತ್ತದೆ. ತಿರುಗಲಾರದೆ ಬಿದ್ದಿದ್ದರೆ, ಹಗಲಿನಲ್ಲಿ ಬಯಲಲ್ಲಿ ಕೂತು ಕೈ ಹತ್ತಿರ ಒಯ್ದರೂ ಜಿಗಿಯದಿದ್ದರೆ, ಕಣ್ಣು ಮಂಜಾಗಿದ್ದರೆ, ಹೊಟ್ಟೆ ನೀರು ತುಂಬಿದಂತೆ ಉಬ್ಬಿದ್ದರೆ ಕಾಯಿಲೆ ಇದೆ ಎಂದೇ ಅರ್ಥ.

ಹೊಟ್ಟೆ ಮತ್ತು ತೊಡೆಯ ಒಳಭಾಗ ರಕ್ತ ಜಿನುಗಿದಂತೆ ಕೆಂಪಾಗುವುದಕ್ಕೆ ಕೆಂಪುಕಾಲು ರೋಗ ಎನ್ನುತ್ತಾರೆ. ಕೊಳೆತ ನೀರಿನಲ್ಲಿ ಬೆಳೆಯುವ ಏರೊಮೊನಾಸ್ ಮೊದಲಾದ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಇಕ್ಕಟ್ಟಿನ ಡಬ್ಬಿಯಲ್ಲಿ ಹಲವು ಕಪ್ಪೆಗಳನ್ನು ಕೂಡಿಟ್ಟರೆ ಬೇಗ ಹರಡುತ್ತದೆ.

ಇದಕ್ಕಿಂತ ಘೋರವಾದದ್ದು ಕೈಟ್ರಿಡ್ ಶಿಲೀಂಧ್ರ. 1998ರಲ್ಲಿ ಕಪ್ಪೆಗಳ ಸಾಮೂಹಿಕ ಸಾವಿನ ಕಾರಣವೆಂದು ಗೊತ್ತಾಗಿ, 1999ರಲ್ಲಿ ಹೆಸರು ಪಡೆಯಿತು. ಚರ್ಮದಲ್ಲಿ ಬೇರೂರಿ ಲವಣಗಳ ಹೀರಿಕೆಯನ್ನು ಕೆಡಿಸುತ್ತದೆ. ಕೊನೆಗೆ ಹೃದಯ ನಿಲ್ಲುತ್ತದೆ. 2019ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಪ್ರಕಾರ ಇದರಿಂದ ಕನಿಷ್ಠ 501 ಉಭಯಚರ ಪ್ರಭೇದಗಳು ಕುಸಿದಿವೆ, ಅವುಗಳಲ್ಲಿ 90 ಅಳಿದೇ ಹೋಗಿವೆ. ನಮ್ಮ ಪಶ್ಚಿಮಘಟ್ಟದ ಕಪ್ಪೆಗಳ ಮೈಯಲ್ಲೂ ಈ ಶಿಲೀಂಧ್ರ ಪತ್ತೆಯಾಗಿದೆ. ಇಟ್ರಕೊನಜೋಲ್ ಬೆರೆಸಿದ ತೆಳು ದ್ರಾವಣದಲ್ಲಿ ದಿನಾ ಕೆಲ ನಿಮಿಷ ಮೀಯಿಸುವ ಚಿಕಿತ್ಸೆ ಇದೆ, ವೈದ್ಯರೇ ಮಾಡಬೇಕು. ನಮ್ಮ ಪಾಲಿನ ಕೆಲಸ ಸುಲಭದ್ದು. ದಾಂಡೇಲಿ, ಶಿರಸಿ ಕಡೆ ಹೋದಾಗ ಅಲ್ಲಿನ ಕಪ್ಪೆ, ಗೊದಮೊಟ್ಟೆ ತರಬಾರದು. ಒಂದು ಕೆರೆಯ ಕಪ್ಪೆಯನ್ನು ಇನ್ನೊಂದು ಕೆರೆಗೆ ಬಿಡಬಾರದು. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ, 2024ರಲ್ಲಿ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿ ಸೇರಿದ ನಮ್ಮ ಜಿಲ್ಲೆಯ ಮಾಗಡಿ ಕೆರೆಯಂಥ ನೆಲೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ವೈದ್ಯರ ಹತ್ತಿರ

ಎಲುಬು ಹೊರಬಂದಿದ್ದರೆ, ಕರುಳು ಕಂಡರೆ, ಗುದದಿಂದ ಮಾಂಸ ಹೊರಬಿದ್ದಿದ್ದರೆ, ಮೈ ಕೆಂಪೇರಿದ್ದರೆ ಮನೆಯ ಆರೈಕೆ ಸಾಲದು. ಹೊರಬಂದ ಭಾಗಕ್ಕೆ ಸಲೈನಿನಲ್ಲಿ ಅದ್ದಿದ ಬಟ್ಟೆ ಹೊದಿಸಿ ಒಣಗದಂತೆ ನೋಡಿಕೊಂಡು ಪಶುವೈದ್ಯರ ಬಳಿ ಒಯ್ಯಬೇಕು. ತಾಲ್ಲೂಕು ಆಸ್ಪತ್ರೆಗಳಿಗೆ ಬರುವುದು ಆಕಳು, ಎಮ್ಮೆ, ಕುರಿ, ಆಡು. ಕಪ್ಪೆ ಒಯ್ದವರನ್ನು ಕಂಡು ಅಲ್ಲಿ ಕೂತವರು ನಗಬಹುದು. ನಾಚಬೇಕಾಗಿಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಮಹಾವಿದ್ಯಾಲಯ ಗದಗದಲ್ಲೇ ಇದೆ. ನಾಳಿನ ವೈದ್ಯರು ಅಲ್ಲಿ ಕಲಿಯುತ್ತಿದ್ದಾರೆ. ಜನ ಕೇಳಿದರೆ ತಾನೇ ಕಲಿಕೆಯೂ ಆ ಕಡೆ ಹೊರಳುವುದು?

ಕಪ್ಪೆಯ ವೈದ್ಯದ ಕ್ರಮವೂ ಚರ್ಮವನ್ನೇ ನೆಚ್ಚಿದೆ. ಮೊದಲು ಗ್ರಾಂ ಲೆಕ್ಕದಲ್ಲಿ ತೂಕ. ಹತ್ತಿಪ್ಪತ್ತು ಗ್ರಾಂ ತೂಗುವ ಜೀವಕ್ಕೆ ಒಂದು ಹನಿ ಹೆಚ್ಚಾದರೂ ವಿಷವೇ. ಎಷ್ಟೋ ಆ್ಯಂಟಿಬಯೊಟಿಕ್‌ಗಳನ್ನು ಸೂಜಿಯ ಬದಲು ಬೆನ್ನಿನ ಮೇಲೆ ಹನಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಅರಿವಳಿಕೆಯನ್ನು ನೀರಿನಲ್ಲಿ ಬೆರೆಸುತ್ತಾರೆ. ಕಪ್ಪೆ ಆ ನೀರಲ್ಲಿ ಕೂತು ನಿದ್ದೆಗಿಳಿಯುತ್ತದೆ, ಶುದ್ಧ ನೀರಲ್ಲಿ ತೊಳೆದರೆ ಎಚ್ಚರಾಗುತ್ತದೆ. ತೀರ ಜಜ್ಜಿಹೋದ ಕಾಲನ್ನು ತೆಗೆದುಹಾಕುವುದೂ ಉಂಟು. ಒಂದು ಮುಂಗಾಲಿಲ್ಲದ ನೆಲಗಪ್ಪೆ ಹುಳ ಹಿಡಿದು ಬದುಕಬಲ್ಲದು. ಹಿಂಗಾಲು ಹೋದ ಗೂಳಿಗಪ್ಪೆಗೆ ಬಯಲಿನ ಬದುಕು ಕಷ್ಟ. ಉಳಿಯುವ ಆಸೆಯೇ ಇಲ್ಲದಿದ್ದರೆ ನೋವಿಲ್ಲದ ಸಾವು ಕೊಡುವುದೂ ವೈದ್ಯರು ಮಾಡುವ ಉಪಕಾರವೇ.

ವೈದ್ಯರಿಗೆ ಮೂರು ವಿಷಯ ಹೇಳಿ: ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಆ ಜಾಗದಲ್ಲಿ ಇತ್ತೀಚೆಗೆ ಯಾವ ಔಷಧ ಹೊಡೆದಿದ್ದಾರೆ.

ಸಾಕಬೇಕೆನ್ನುವವರಿಗೆ

ಗುಣವಾದ ಕಪ್ಪೆಯನ್ನು ಇಟ್ಟುಕೊಳ್ಳಲು ಮಕ್ಕಳು ಹಟ ಹಿಡಿಯುತ್ತಾರೆ. ಬೇಡವೆನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೂಳಿಗಪ್ಪೆಯಂಥ ನಮ್ಮ ಕಪ್ಪೆಗಳಿಗೆ ರಕ್ಷಣೆ ಕೊಟ್ಟಿದೆ. ಒಂದು ಕಾಲದಲ್ಲಿ ಹೊರದೇಶದ ತಟ್ಟೆಗಳಿಗಾಗಿ ಇವುಗಳ ಕಾಲುಗಳನ್ನು ರಾಶಿ ರಾಶಿ ರಫ್ತು ಮಾಡುತ್ತಿದ್ದ ನಮ್ಮ ದೇಶ 1987ರಲ್ಲಿ ಆ ವ್ಯಾಪಾರವನ್ನೇ ನಿಲ್ಲಿಸಿತು. ಗಾಯ ಮಾಯ್ದ ಕಪ್ಪೆಯನ್ನು ಸಂಜೆ ಹೊತ್ತಿಗೆ, ಸಿಕ್ಕ ಜಾಗದ ಹತ್ತಿರವೇ ಬಿಡುವುದು ಸರಿಯಾದ ಕ್ರಮ. ಹೆಚ್ಚು ದಿನದ ಆರೈಕೆ ಬೇಕಾದರೆ ಅರಣ್ಯ ಇಲಾಖೆಗೆ ತಿಳಿಸಿ.

ಹೊರದೇಶಗಳಲ್ಲಿ ಕಪ್ಪೆ ಸಾಕುವ ಮನೆಗಳಲ್ಲಿ ವೈದ್ಯರು ಪದೇ ಪದೇ ಕಾಣುವ ಕಾಯಿಲೆಗಳಲ್ಲಿ ಒಂದು ಮೆತ್ತಗಾದ ಎಲುಬಿನದು. ಒಂದೇ ಬಗೆಯ ಹುಳ ತಿನ್ನಿಸಿದಾಗ ಕ್ಯಾಲ್ಸಿಯಂ ಸಾಲದೆ ದವಡೆ ರಬ್ಬರಿನಂತೆ ಬಾಗುತ್ತದೆ. ಇನ್ನೊಂದು, ಗಾಜಿಗೆ ಹಾರಿ ಹಾರಿ ಹುಣ್ಣಾದ ಮೂತಿ. ಹೊಲದಲ್ಲಿ ಹತ್ತು ಬಗೆಯ ಹುಳ ಹಿಡಿದು ತಿನ್ನುವ ಜೀವವನ್ನು ಡಬ್ಬಿಯಲ್ಲಿಟ್ಟು ತೃಪ್ತಿಪಡಿಸುವುದು ಸುಲಭವಲ್ಲ.

ಕಪ್ಪೆಯ ಕಾಯಿಲೆ, ನಮ್ಮ ನೀರಿನ ಕಾಯಿಲೆ

ಒಂದು ಕಪ್ಪೆಗೆ ಮಾಡುವ ಆರೈಕೆ ದೊಡ್ಡದೇ. ಆದರೆ ನೂರಾರು ಕಪ್ಪೆ ಗಾಯಗೊಳ್ಳುವ ಕಾರಣಗಳು ನಮ್ಮ ಹೊಲ, ಹೊಂಡಗಳಲ್ಲೇ ಇವೆ. ಗೋವಿನಜೋಳಕ್ಕೆ ಹೊಡೆಯುವ ಅಟ್ರಜಿನ್ ಎಂಬ ಕಳೆನಾಶಕದ ಬಗ್ಗೆ ಕ್ಯಾಲಿಫೋರ್ನಿಯಾದ ವಿಜ್ಞಾನಿ ಟೈರೋನ್ ಹೇಯ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರಿನ ನೂರು ಕೋಟಿ ಪಾಲಿನಲ್ಲಿ 0.1 ಪಾಲು ಅಟ್ರಜಿನ್ ಇದ್ದರೂ ಗಂಡು ಗೊದಮೊಟ್ಟೆಗಳ ಜನನಾಂಗದ ಬೆಳವಣಿಗೆ ಕೆಟ್ಟಿತ್ತು. ಕ್ಯಾನು ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲುವ ಅಭ್ಯಾಸವನ್ನಾದರೂ ನಾವು ಬಿಡಬಹುದು.

2014ರ ಕೃಷಿಭಾಗ್ಯ ಯೋಜನೆಯಿಂದ ಬಯಲುಸೀಮೆಯ ಹೊಲಗಳಿಗೆ ಕೃಷಿಹೊಂಡ ಬಂದವು. ಬೆಳೆಗೆ ಆಸರೆಯಾದವು. ಆದರೆ ಅವುಗಳ ಪ್ಲಾಸ್ಟಿಕ್ ಹಾಳೆಯ ಇಳಿಜಾರು ನುಣುಪು. ಒಳಗೆ ಬಿದ್ದ ನೆಲಗಪ್ಪೆ, ಬಿಲಗಪ್ಪೆ ಹತ್ತಲಾರದೆ ಸುಸ್ತಾಗಿ ಸಾಯುತ್ತವೆ. ದಂಡೆಯಿಂದ ನೀರಿನವರೆಗೆ ಒಂದು ಹಳೆಯ ಗೋಣಿಚೀಲ ಅಥವಾ ನಾರಿನ ಹಗ್ಗ ಇಳಿಬಿಟ್ಟರೆ ಅವು ಹತ್ತಿ ಬರುತ್ತವೆ. ಇದಕ್ಕೆ ಖರ್ಚೇ ಇಲ್ಲ.

ಮಳೆ ಕೈಕೊಟ್ಟ ವರ್ಷ ಕಪ್ಪೆಗಳಿಗೆ ಮದುವೆ ಮಾಡುವ ಪದ್ಧತಿ ರಾಜ್ಯದ ಹಲವೆಡೆ ಇದೆ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ನಡೆದ ಮದುವೆ ದೇಶದ ಸುದ್ದಿಯಾಗಿತ್ತು. ಭಕ್ತಿ ದೊಡ್ಡದು, ಆದರೆ ಕಪ್ಪೆಯ ಮೈಗೆ ಅರಿಷಿಣ, ಕುಂಕುಮ ಬಳಿದು, ಮೆರವಣಿಗೆಯ ಬಿಸಿಲಲ್ಲಿ ಹಿಡಿದರೆ ಅದರ ಚರ್ಮ ಒಣಗುತ್ತದೆ, ಉರಿಯುತ್ತದೆ. ಮಳೆ ಬೇಡಲು ನಮ್ಮ ಉತ್ತರ ಕರ್ನಾಟಕದಲ್ಲಿ ಗುರ್ಜಿ ಹೊರುವ ಪದ್ಧತಿ ಹಿಂದಿನಿಂದ ಇದೆ. ಸಗಣಿಯ ಗುರ್ಜಿಯನ್ನು ತಲೆಯ ಮೇಲೆ ಹೊತ್ತ ಹುಡುಗನಿಗೆ ಮನೆಮನೆಯವರು ಕೊಡ ನೀರು ಸುರಿಯುತ್ತಾರೆ. ಅದರಲ್ಲಿ ಯಾವ ಜೀವಕ್ಕೂ ನೋವಿಲ್ಲ. ಅದನ್ನೇ ಉಳಿಸಿಕೊಳ್ಳೋಣ.

ಈ ಮಳೆಗಾಲದಲ್ಲಿ ಗದಗ ಜಿಲ್ಲೆಯ ಪ್ರತಿ ಮನೆಯವರಲ್ಲಿ ಕೇಳಿಕೊಳ್ಳುವುದು ಇಷ್ಟು. ಬಿಸಿನೀರು ಚೆಲ್ಲುವ ಮೊದಲು ಬಚ್ಚಲ ಮೂಲೆ ನೋಡಿ. ರಾತ್ರಿ ಮಳೆ ನಿಂತ ಮೇಲೆ ಗಾಡಿ ನಿಧಾನ ಓಡಿಸಿ. ಟಾಕಿಯ ಅಂಚಿನ ನೊರೆಗೂಡನ್ನು ಕೆರೆದು ಹಾಕಬೇಡಿ. ಕೃಷಿಹೊಂಡಕ್ಕೆ ಗೋಣಿಚೀಲ ಇಳಿಬಿಡಿ. ಗಾಯಗೊಂಡ ಕಪ್ಪೆ ಸಿಕ್ಕರೆ ಅರಿಷಿಣದ ಡಬ್ಬಿ ಪಕ್ಕಕ್ಕಿಟ್ಟು, ಒದ್ದೆ ಬಟ್ಟೆ ಹಾಸಿದ ಡಬ್ಬಿ ತನ್ನಿ. ಬಹುತೇಕ ಸಣ್ಣ ಗಾಯಗಳಿಗೆ ಶುದ್ಧ ನೀರು, ಕತ್ತಲು ಮತ್ತು ಎರಡು ದಿನದ ನೆಮ್ಮದಿಗಿಂತ ಮಿಗಿಲಾದ ಮದ್ದಿಲ್ಲ.